ಭಾಲ್ಕಿಯಿಂದ ಬಂದ ಲಕೋಟೆ

ಸೋನಾಲಿಯ ಜೊತೆ ಬೀದರಕ್ಕೆ ಹೋಗಿ ದಿನವಿಡೀ ಕೂರುವ ಕೆಲಸ ನನಗೆ ಬಂದದ್ದು ನಾನು ಹೆಚ್ಚು ಮಾತಾಡುವವಳಲ್ಲ ಎಂಬ ಕಾರಣಕ್ಕೆ.

"ಸಕ್ಕು ಬಾಯಿ ಬಿಡಂಗಿಲ್ಲ. ಆದ್ರ ಅಕಿ ಕಣ್ಣು ಒಂದೂ ಬಿಡಂಗಿಲ್ಲ," ಎಂದ ಮಡೆಪ್ಪ ಕಾಕಾ, ಕುರಿಗಳನ್ನು ತಡಿಕೆಯೊಳಗೆ ಹೊಗಿಸುತ್ತಾ. "ಅಕಿನೇ ಹೋಗ್ಲಿ. ಸಂಜಿಗಿ ಬಂದು ನಂಗ ಸುದ್ದಿ ಹೇಳ್ಲಿ."

ಸೋನಾಲಿ ಕಾಕಾನ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು. ನಾನು ಏಳನೆಯದಕ್ಕೆ ಸಾಲಿ ಬಿಟ್ಟು ಕುರಿಗಳ ಹಿಂದೆ ಹೋದೆ, ಅವಳು ಬಿ.ಎಸ್ಸಿ. ಮುಗಿಸಿದಳು. ಆ ಬೇಸಿಗೆಯಲ್ಲಿ ಬೀದರದ ಕಾಲೇಜೊಂದರ ಎಬನೇಜರ ಸರ್ ಇಬ್ಬರೇ ವಿದ್ಯಾರ್ಥಿಗಳನ್ನು ಆರಿಸಿ ಎಂಟು ವಾರ ತಮ್ಮ ಅಣುವಿಜ್ಞಾನದ ಸಂಶೋಧನೆಯ ಕೆಲಸಕ್ಕೆ ತೆಗೆದುಕೊಂಡಿದ್ದರು. ಅದರಲ್ಲಿ ಇವಳೊಬ್ಬಳು. ಕೆಲಸ ಮುಗಿದ ಮೇಲೆ ಸರ್ ಒಂದು ಪತ್ರ ಬರೆದುಕೊಡುತ್ತಾರೆ. ಆ ಪತ್ರವಿದ್ದರೆ ಹೈದರಾಬಾದಿನಲ್ಲಿ ಎಂ.ಎಸ್ಸಿ. ಸೀಟು ಸಿಗುವ ದಾರಿ ಇದೆ. ಇಲ್ಲದಿದ್ದರೆ ಕಮಲನಗರದ ಕಡೆಯ ಒಂದು ಸಂಬಂಧ ಕಾದು ಕೂತಿದೆ, ಕಾಕಾ ಅದಕ್ಕೆ ಅರ್ಧ ಹೂಂ ಅಂದೂ ಆಗಿದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

"ಅಣು ಅಂದ್ರ ಬಾಂಬಲ್ಲೇನು?" ಎಂದು ಕಾಕಾ ಮೊದಲ ದಿನವೇ ಕೇಳಿದ್ದ.

"ಬಾಂಬ್ ಅಲ್ಲಪ್ಪಾ. ಲೆಕ್ಕ. ಕಂಪ್ಯೂಟರಿನಾಗ ಬರೇ ಲೆಕ್ಕ."

"ಲೆಕ್ಕಕ್ಕ ಎಂಟ ವಾರ ಬೇಕೇನು? ನಾ ಇನ್ನೂರ ಕುರಿ ಒಂದ ನೋಟದಾಗ ಲೆಕ್ಕ ಹಾಕ್ತೇನಿ."

"ನಿನ್ನ ಕುರಿ ಕಾಣ್ತಾವಪ್ಪಾ. ಇವು ಕಾಣಂಗಿಲ್ಲ."

"ಕಾಣದಿದ್ದದ್ದು ಲೆಕ್ಕ ಹಾಕೋರನ್ನ ನಾ ಹ್ಯಾಂಗ ನಂಬಲಿ?" ಎಂದು ಕಾಕಾ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅಲ್ಲಿಗೆ ತೀರ್ಮಾನವಾಯಿತು.

ಬೆಳಿಗ್ಗೆ ನಮ್ಮೂರಿಂದ ಔರಾದ, ಔರಾದದಿಂದ ಬೀದರ. ಕಾಲೇಜಿನ ಹಿಂಭಾಗದ ಒಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ಒಂದು ಕೂಲರ್, ಗೋಡೆಯ ಮೇಲೆ ಧಾತುಗಳ ದೊಡ್ಡ ಪಟ್ಟಿ. ಬಾಗಿಲ ಪಕ್ಕದ ಕುರ್ಚಿ ನನ್ನದು. ಸರ್ ಮೊದಲ ದಿನ "ಏನವ್ವ, ಊಟದ ಡಬ್ಬಿ ತಂದೀರೇನು?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅದಾದ ಮೇಲೆ ಐದು ವಾರ ಆ ಕೋಣೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲ.

ಕೆಲಸ ಏನೆಂದು ಸೋನಾಲಿ ಬಸ್ಸಿನಲ್ಲಿ ಹೇಳಿದ್ದಳು. ಪರಮಾಣುವಿನ ನಟ್ಟನಡುವೆ ಒಂದು ಗಟ್ಟಿ ಬೀಜ. ಅದರೊಳಗಿನ ಕಣಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂದು ಲೆಕ್ಕ ಹಾಕಬೇಕು. ಮೊದಲು ಬೀಜದ ಆಕಾರ ಹೀಗಿರಬಹುದು ಎಂದು ಊಹಿಸಿ ಕೊಡಬೇಕು. ಕಂಪ್ಯೂಟರ್ ಅದನ್ನು ಸ್ವಲ್ಪ ತಿದ್ದುತ್ತದೆ, ತಿದ್ದಿದ್ದನ್ನು ಮತ್ತೆ ತಿದ್ದುತ್ತದೆ. ಅಂಕಿ ಅಲ್ಲಾಡುವುದು ನಿಂತಾಗ ಅದೇ ಉತ್ತರ. ಸರ್ ಜಿರ್ಕೋನಿಯಂ ಎಂಬ ಒಂದೇ ಧಾತುವಿನ, ಬೇರೆ ಬೇರೆ ತೂಕದ ಒಂಬತ್ತು ಬೀಜಗಳನ್ನು ಕೊಟ್ಟಿದ್ದರು.

ಅದೇ ಒಂಬತ್ತನ್ನು ಭಾಲ್ಕಿಯಲ್ಲಿ ಅಜರ ಎಂಬ ಹುಡುಗನೂ ಮಾಡುತ್ತಿದ್ದ. ಅವನೇ ಇನ್ನೊಬ್ಬ ವಿದ್ಯಾರ್ಥಿ. ಅವನ ಅಣ್ಣನದು ಭಾಲ್ಕಿಯಲ್ಲಿ ಝೆರಾಕ್ಸ್ ಅಂಗಡಿ. ಅಲ್ಲಿಯ ಕಂಪ್ಯೂಟರಿನಲ್ಲೇ ಅವನ ಲೆಕ್ಕ. ಶನಿವಾರ ಅಂಗಡಿಗೆ ಕಾಗದದ ಬಂಡಲು ಒಯ್ಯಲು ರೈಲಿನಲ್ಲಿ ಬೀದರಕ್ಕೆ ಬರುವನು, ಹಾಗೆಯೇ ಕಾಲೇಜಿಗೂ. ಕೈಯಲ್ಲಿ ಒಂದು ಕಂದು ಲಕೋಟೆ, ಒಳಗೆ ಆ ವಾರದವರೆಗೆ ಬಂದ ಅಂಕಿಗಳು. ಮೇಲಿನ ಮಡಿಕೆಯ ಅಂಟಿನ ಮೇಲೆ ಅಡ್ಡಲಾಗಿ ಅವನ ಸಹಿ. ಸರ್ ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಹಾಡು ಕಲಿಸಲು ಹೋಗುತ್ತಿದ್ದರು. ಹಾಗಾಗಿ ಲಕೋಟೆ ಸೋನಾಲಿಯ ಕೈಗೆ. ಸೋಮವಾರ ಅವಳು ತನ್ನದನ್ನೂ ಬರೆದು ಮುಚ್ಚಿ ಎರಡನ್ನೂ ಒಟ್ಟಿಗೆ ಸರ್ ಮುಂದೆ ಇಡಬೇಕು. ಅವರು ಒಡೆದು ಹೋಲಿಸುತ್ತಾರೆ.

"ಫೋನಿನಾಗ ಕಳಿಸಿದ್ರ ಆಗಂಗಿಲ್ಲೇನು?" ಎಂದು ನಾನು ಬಸ್ಸಿನಲ್ಲಿ ಕೇಳಿದ್ದೆ.

"ಸರ್ ಒಪ್ಪಂಗಿಲ್ಲ. ಹಿಂದಕ ಇಬ್ಬರು ಒಬ್ಬರದೊಬ್ಬರು ನೋಡಿ ತಿದ್ದಿಕೊಂಡು, ಇಬ್ಬರದೂ ತಪ್ಪಾಗಿತ್ತಂತ. ಕಾಗದದ ಮ್ಯಾಲ ಬರದು, ಸಹಿ ಹಾಕಿ ಮುಚ್ಚಬೇಕು. ಲೆಕ್ಕದ ಬಗ್ಗೆ ನಾವಿಬ್ಬರೂ ಮಾತಾಡಂಗಿಲ್ಲ."

ನಾನು ನಂಬಲಿಲ್ಲ. ನಮ್ಮ ಸಾಲಿಯಲ್ಲಿ ಒಂದೇ ಲೆಕ್ಕ ಮಾಡುವ ಇಬ್ಬರು ಪಾಟಿ ತೋರಿಸಿಕೊಳ್ಳದೆ ಇದ್ದದ್ದು ನಾನು ಕಂಡಿಲ್ಲ. ಲೆಕ್ಕವನ್ನು ಯಾರಾದರೂ ಲಕೋಟೆಯಲ್ಲಿಟ್ಟು ಅಂಟು ಹಚ್ಚುತ್ತಾರೆಯೇ?

ಅವರಿಬ್ಬರನ್ನು ನೋಡಿದರೆ ಸಂಶಯ ಇನ್ನೂ ಬಲಿಯುತ್ತಿತ್ತು. ಅಜರ ಬಾಗಿಲಲ್ಲಿ ನಿಲ್ಲುವನು. "ಆಯ್ತೇನ್ರಿ?" ಎನ್ನುವನು. "ನಡೀತದ," ಎನ್ನುವಳು ಇವಳು. ಲಕೋಟೆ ಕೈ ಬದಲಾಗುವುದು. ಅವನು ನನಗೆ "ನಮಸ್ಕಾರ ಅಕ್ಕಾ" ಎಂದು ಹೋಗಿಬಿಡುವನು. ನಡುವೆ ಏನೂ ಇಲ್ಲದವರು ಬಿಸಿಲಿನ ಬಗ್ಗೆಯಾದರೂ ನಾಲ್ಕು ಮಾತಾಡುತ್ತಾರೆ. ಇವರು ಮಾತನ್ನು ನುಂಗಿಕೊಂಡು ನಿಲ್ಲುತ್ತಿದ್ದರು. ಅವನು ಹೋದ ಮೇಲೆ ಸೋನಾಲಿ ಲಕೋಟೆಯನ್ನು ಎರಡು ಪುಸ್ತಕಗಳ ನಡುವೆ ಇಟ್ಟು ಚೀಲದ ಜಿಪ್ಪು ಎಳೆಯುವಳು. ಬಸ್ಸಿನಲ್ಲಿ ಚೀಲ ತೊಡೆಯ ಮೇಲೆ.

ಐದನೆಯ ವಾರ ಒಂದು ಸಂಗತಿ ನಡೆಯಿತು. ಸೋಮವಾರ ಸರ್ ಎರಡೂ ಲಕೋಟೆ ಒಡೆದಾಗ ಒಂಬತ್ತರಲ್ಲಿ ಮೂರು ಅಂಕಿ ಹೊಂದಲಿಲ್ಲ. ಸರ್ ಬೈಯಲಿಲ್ಲ. "ತಪ್ಪು ಯಾರದು ಅಂತ ನಾ ಹೇಳಂಗಿಲ್ಲ. ಅವರವರ ತಪ್ಪು ಅವರವರು ಹುಡುಕ್ಕೊಳ್ರಿ. ಬರೋ ಸೋಮವಾರ ನೋಡೋಣ. ಅವತ್ತು ಅಜರನೂ ಬರ್ಲಿ," ಎಂದರು. ಆ ವಾರವೆಲ್ಲ ಸೋನಾಲಿ ಊಟವನ್ನು ಡಬ್ಬಿಯಲ್ಲೇ ಬಿಟ್ಟಳು. ಶುಕ್ರವಾರ ಒಮ್ಮೆ "ಸಿಕ್ತು!" ಎಂದು ಕುರ್ಚಿಯಿಂದ ಎದ್ದವಳು ನನ್ನನ್ನು ನೋಡಿ ಮತ್ತೆ ಕೂತಳು. ಶನಿವಾರ ಅಜರ ಬಂದಾಗ ಅವಳು ನಕ್ಕಳು. ಅವನೂ ನಕ್ಕ. ಅಷ್ಟೇ.

ಆ ಸಂಜೆ ಕಾಕಾ ಕೇಳಿದ: "ಏನರ ಅದೇನು?"

"ಏನಿಲ್ಲ ಕಾಕಾ."

"ಭಾಲ್ಕಿ ಪೋರ?"

"ಬರ್ತಾನ, ಹೋಗ್ತಾನ."

"ಹೆಸರು ಏನಂದಿ ಅವಂದು?"

ನಾನು ಹೇಳಿದೆ. ಈ ಮೊದಲೂ ಹೇಳಿದ್ದೆ. ಕಾಕಾ ಆ ಹೆಸರನ್ನು ಬಾಯೊಳಗೆ ಒಮ್ಮೆ ಹೊರಳಿಸಿ ನೋಡಿದ. "ಕಣ್ಣಿಡು," ಎಂದ. ನಾನು ಆಗಲೇ ಇಟ್ಟಿದ್ದೆ. ಕಾಕಾ ಹೇಳಿದ್ದಕ್ಕಲ್ಲ. ನನ್ನೊಳಗೂ ಅದೇ ಇತ್ತು.

ಭಾನುವಾರ ಲಲಿತಾಬಾಯಿ ಕಾಕಿ ಮಗಳ ತಲೆಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಕಳಿಸಿದಳು. ಅವಳ ಕೂದಲು ಮೊಣಕೈವರೆಗೆ. ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತು. ಚೀಲ ತೆಗೆದೆ. ಸಹಿ ಇದ್ದ ಮಡಿಕೆಯನ್ನು ಮುಟ್ಟಲಿಲ್ಲ. ಲಕೋಟೆಯ ಕೆಳಬದಿಗೆ ಒದ್ದೆ ಬೆರಳು ಆಡಿಸಿ, ನೆನೆದ ಮೇಲೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಒಳಗೆ ಒಂದೇ ಹಾಳೆ.

ಒಂಬತ್ತು ಸಾಲು. ಪ್ರತಿ ಸಾಲಿನಲ್ಲಿ ಜಿರ್ಕೋನಿಯಂ, ಅದರ ತೂಕ, ಒಂದು ಉದ್ದನೆಯ ಅಂಕಿ. ಆರನೆಯ ಸಾಲಿನಲ್ಲಿ ಒಂದು ಅಂಕಿ ಹೊಡೆದು ಹಾಕಿ ಮೇಲೆ ಬೇರೆ ಬರೆದು ಪಕ್ಕದಲ್ಲಿ ಪುಟ್ಟ ಸಹಿ. ಹಿಂದೆ ತಿರುಗಿಸಿದೆ, ಖಾಲಿ. ಬೆಳಕಿಗೆ ಹಿಡಿದೆ. ಮೂಸಿದೆ ಕೂಡ. ಏನೂ ಇಲ್ಲ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಂಕಿಗಳಲ್ಲೇ ಏನಾದರೂ ಗುರುತು ಇಟ್ಟಿರಬಹುದೇ ಎಂದು ಅನಿಸಿತು. ನೀರಿನ ಸದ್ದು ನಿಂತಿತು. ಒಲೆಯ ಮೇಲಿನ ಬಿಸಿನೀರಿಗೆ ಚಿಟಿಕೆ ಜೋಳದ ಹಿಟ್ಟು ಕಲೆಸಿ ಅಂಟು ಮಾಡಿ ಲಕೋಟೆ ಮುಚ್ಚಿದೆ, ಮೇಲೆ ಕಲ್ಲು ಇಟ್ಟು ಒತ್ತಿದೆ. ಸೋನಾಲಿ ಕೂದಲು ಒರೆಸುತ್ತಾ ಹೊರಬಂದಾಗ ಚೀಲ ತನ್ನ ಮೊಳೆಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಅವಳು ತನ್ನ ಒಂಬತ್ತು ಅಂಕಿಗಳನ್ನು ಹಾಳೆಗಿಳಿಸಿ, ಮುಚ್ಚಿ, ಸಹಿ ಹಾಕಿದಳು. ಹನ್ನೊಂದಕ್ಕೆ ಅಜರ ಬಂದ. ಸರ್ ಕನ್ನಡಕ ಹಾಕಿಕೊಂಡು ಅವನ ಲಕೋಟೆ ಕೈಗೆತ್ತಿಕೊಂಡರು. ಒಡೆಯಲಿಲ್ಲ. ತಿರುಗಿಸಿದರು. ಕೆಳಬದಿಯಿಂದ ಬಿಳಿಯ ಹುಡಿ ಮೇಜಿನ ಮೇಲೆ ಉದುರಿತು.

"ಅಜರ, ನೀ ಏನು ಹಚ್ಚಿದ್ದಿ?"

"ಅಂಗಡಿ ಅಂಟ್ರಿ ಸರ್. ಕಡ್ಡಿ ಅಂಟು."

"ಇದೇನು?"

ಅವನು ನೋಡಿದ, ಭುಜ ಹಾರಿಸಿದ. ಸರ್ ಲಕೋಟೆಯನ್ನು ಸೋನಾಲಿಯ ಮುಂದಿಟ್ಟರು. ಅವಳು ಆ ಹುಡಿಯನ್ನು ಬೆರಳಲ್ಲಿ ಒತ್ತಿ ಉಜ್ಜಿದಳು. ನಮ್ಮ ಮನೆಯ ಹಿಟ್ಟು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ನನ್ನ ಕಡೆ ತಿರುಗಲಿಲ್ಲ. ಅವಳ ಕಿವಿ ಕೆಂಪಾದದ್ದು ಮಾತ್ರ ನನಗೆ ಕಂಡಿತು.

ಸರ್ ಎರಡೂ ಹಾಳೆ ಬಿಡಿಸಿ ಪಕ್ಕಪಕ್ಕ ಇಟ್ಟರು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಒಂಬತ್ತೂ ಹೊಂದಿದವು. ಹೋದ ವಾರ ಹೊಂದದ ಮೂರೂ.

"ಇದನ್ನ ಯಾರು ತೆರೆದ್ರು?"

ಸರ್ ಒಬ್ಬೊಬ್ಬರನ್ನೇ ನೋಡಿದರು.

"ನಾ ತೆರೆದೆ ಸರ್," ಎಂದಳು ಸೋನಾಲಿ.

"ಅಂಕಿ ನೋಡಿ ಬರದಿಯೇನು?"

"ಇಲ್ಲ ಸರ್. ತೆರೆದೆ. ನೋಡಲಿಲ್ಲ."

"ತೆರದು ನೋಡಲಿಲ್ಲ!" ಎಂದು ಅಜರ ನಕ್ಕುಬಿಟ್ಟ. ಅದು ಒಳ್ಳೆಯ ನಗೆಯಾಗಿರಲಿಲ್ಲ.

ಸರ್ ಕನ್ನಡಕ ತೆಗೆದರು. "ಸೋನಾಲಿ, ಲಕೋಟಿ ನಿನ್ನ ಕೈಯಾಗ ಕೊಟ್ಟಿದ್ದು ನಂಬಿಕಿ ಮ್ಯಾಲ. ನಾಳಿಂದ ಬರೋದು ಬ್ಯಾಡ. ಪತ್ರ ನಾ ಕೊಡ್ಲಾಕ ಆಗಂಗಿಲ್ಲ."

ಅವಳು ತಲೆಯಾಡಿಸಿ ಪುಸ್ತಕಗಳನ್ನು ಒಟ್ಟುಮಾಡತೊಡಗಿದಳು. ಅಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ನೀರಿನ ಬಾಟಲಿ ತಿರುಗಿಸಿ ಬಿಗಿ ಮಾಡಿದಳು. ನಾನು ಸುಮ್ಮನಿದ್ದರೆ ಮಧ್ಯಾಹ್ನದ ಬಸ್ಸಿಗೆ ಮನೆ ಸೇರುತ್ತೇವೆ. ಕಾಕಾ ಹೆಚ್ಚು ಕೇಳುವುದಿಲ್ಲ, ಕಮಲನಗರಕ್ಕೆ ಫೋನ್ ಮಾಡುತ್ತಾನೆ. ನನ್ನನ್ನು ಯಾರೂ ಏನೂ ಅನ್ನುವುದಿಲ್ಲ.

"ಅಕಿ ತೆರೆದಿಲ್ರಿ," ಎಂದೆ.

ಮೂವರೂ ತಿರುಗಿದರು. ನನ್ನ ದನಿ ಅವರಿಗೆ ಹೊಸದು. ನನಗೂ ಆ ಕೋಣೆಯಲ್ಲಿ ಅದು ಹೊಸದಾಗಿ ಕೇಳಿತು.

"ನಾ ತೆರೆದೇನ್ರಿ. ನಿನ್ನೆ. ಅಕಿ ತಲಿ ತೊಳಕೊಳ್ಲತ್ತಿದ್ದಳು. ಜೋಳದ ಹಿಟ್ಟು ಕಲೆಸಿ ಹಚ್ಚಿದ್ದು ನಾನೇ."

"ಅಕ್ಕಾ, ಸುಮ್ಮನಿರು," ಎಂದಳು ಸೋನಾಲಿ.

"ತಂಗಿನ್ನ ಉಳಿಸ್ಲಾಕ ಹೇಳ್ಲತ್ತೀಯೇನವ್ವ?" ಎಂದರು ಸರ್.

"ಇಲ್ರಿ. ಆರನೇ ಸಾಲಿನಾಗ ಒಂದು ಅಂಕಿ ಹೊಡದಾರ. ಪಕ್ಕದಾಗ ಸಣ್ಣ ಸಹಿ ಅದ. ಹಿಂದ ಖಾಲಿ."

ಹಾಳೆ ಸರ್ ಕೈಯಲ್ಲಿತ್ತು. ನನ್ನ ಕುರ್ಚಿಯಿಂದ ಅದು ಕಾಣುತ್ತಿರಲಿಲ್ಲ. ಅವರು ಆರನೆಯ ಸಾಲು ನೋಡಿದರು, ಆಮೇಲೆ ನನ್ನನ್ನು.

"ಯಾಕ ತೆರೆದಿ?"

"ಚೀಟಿ ಇರಬೇಕಂತ ತಿಳಿದೆ."

"ಎಂಥ ಚೀಟಿ?"

ನಾನು ಒಮ್ಮೆ ಸೋನಾಲಿಯನ್ನು, ಒಮ್ಮೆ ಅಜರನನ್ನು ನೋಡಿದೆ. ಅಜರನಿಗೆ ಅರ್ಥವಾಯಿತು. ಅವನ ಮುಖದ ಮೇಲಿದ್ದ ನಗೆ ಹೋಯಿತು.

"ಅಕ್ಕಾ, ಒಂದ ಮಾತು ಕೇಳ್ತೇನಿ. ಈ ಲಕೋಟಿ ಮ್ಯಾಲ ಅಜರ ಬದಲಿ ಸತೀಶಕುಮಾರ ಅಂತ ಬರದಿತ್ತಂದ್ರ ತೆರೀತಿದ್ರೇನು?"

ತೆರೆಯುತ್ತಿದ್ದೆ ಎನ್ನಬಹುದಿತ್ತು. ಇಲ್ಲ ಎನ್ನಬಹುದಿತ್ತು. ನನ್ನೊಳಗೆ ಹುಡುಕಿದೆ, ಖರೆ ಯಾವುದೆಂದು ನನಗೇ ಸಿಗಲಿಲ್ಲ. ಅವನು ಕಿಟಕಿಯ ಕಡೆ ಹೋಗಿ ನಿಂತ.

ಸರ್ ಎರಡೂ ಹಾಳೆಗಳನ್ನು ನಾಲ್ಕಾಗಿ ಹರಿದರು.

"ನಿನ್ನ ತಂಗಿ ನೋಡಿಲ್ಲಂತ ನಾ ನಂಬ್ತೇನಿ," ಎಂದರು. "ಆದ್ರ ನಾ ನಂಬಿದ್ದು ಪತ್ರದಾಗ ಬರೀಲಾಕ ಬರಂಗಿಲ್ಲ. ತೆರೆದ ಲಕೋಟಿ ಲೆಕ್ಕಕ್ಕಿಲ್ಲ. ಇಬ್ಬರಿಗೂ ಹೊಸ ಒಂಬತ್ತು ಕೊಡ್ತೇನಿ, ಸ್ಟ್ರಾನ್ಷಿಯಂ. ಇನ್ನು ಇರೋದು ಎರಡೇ ವಾರ. ಎರಡೂ ಲಕೋಟಿ ಹೊಂದಿ ಬಂದ್ರ, ಇಲ್ಲಾ ಹೊಂದದಿದ್ದದ್ದಕ್ಕ ಕಾರಣ ಸಿಕ್ರ, ಪತ್ರ."

"ನಂದೇನು ತಪ್ಪು ಸರ್?" ಎಂದ ಅಜರ ಕಿಟಕಿಯಿಂದಲೇ. "ನಾನೂ ಮೊದಲಿಂದ ಮಾಡ್ಲಾ?"

"ಮಾಡು."

ಅವನು ಹೊರಡುವಾಗ ನನಗೆ ನಮಸ್ಕಾರ ಹೇಳಲಿಲ್ಲ.

ಬಸ್ಸಿನಲ್ಲಿ ಸೋನಾಲಿ ಔರಾದದವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಳಿಯುವ ಮುಂಚೆ ಒಂದೇ ಮಾತು: "ಕೇಳಿದ್ರ ನಾನೇ ತೆರದು ತೋರಸ್ತಿದ್ದೆ ಅಕ್ಕಾ." ತೋರಿಸುತ್ತಿರಲಿಲ್ಲ, ನಿಯಮ ಮುರಿಯುವವಳಲ್ಲ ಅವಳು. ಆದರೂ ಆ ಮಾತು ನನ್ನನ್ನು ಸುಟ್ಟಿತು.

ಸಂಜೆ ಕಾಕಾನಿಗೆ ಎಲ್ಲ ಹೇಳಿದೆ. ಲಕೋಟೆ ತೆರೆದದ್ದು, ಹಿಟ್ಟು ಹಚ್ಚಿದ್ದು, ಅದರಿಂದ ಇಬ್ಬರ ಕೆಲಸ ಕೆಟ್ಟದ್ದು.

"ಒಳಗ ಬರೇ ಅಂಕಿ?"

"ಬರೇ ಅಂಕಿ."

ಕಾಕಾ ಗಡ್ಡ ಕೆರೆದುಕೊಂಡ. "ಅಂಕಿ ಒಳಗ ಏನರ ಇರಬೇಕು."

ನಿನ್ನೆ ನಾನು ಅಂದುಕೊಂಡದ್ದೇ ಅವನ ಬಾಯಿಂದ ಬಂದಾಗ ನನಗೆ ನಾಚಿಕೆಯಾಯಿತು. "ಕಾಕಾ, ಜೊತಿಗಿ ಹೋಗ್ತೇನಿ, ಬರ್ತೇನಿ. ಸುದ್ದಿ ತರೋದು ಇನ್ನ ಬ್ಯಾಡ. ಬೇಕಂದ್ರ ನೀನೇ ಹೋಗಿ ಆ ಕುರ್ಚಿ ಮ್ಯಾಲ ಕೂಡ್ರು."

"ಮಾತ ಕಲತಾಳ ನೋಡು," ಎಂದ ಕಾಕಾ ಕಾಕಿಯ ಕಡೆ ತಿರುಗಿ. "ಕುರಿ ಯಾರ ನೋಡ್ತಾರ?" ಎಂದು ಗೊಣಗಿ ಎದ್ದು ಹೋದ.

ಆ ಎರಡು ವಾರ ಅಜರ ಕಾಲೇಜಿಗೆ ಬರಲಿಲ್ಲ. ಶನಿವಾರ ಲಕೋಟೆಯನ್ನು ನೇರ ಚರ್ಚಿಗೆ ಒಯ್ದು ಸರ್ ಕೈಗೆ ಕೊಟ್ಟನಂತೆ. ಸೋನಾಲಿ ತನ್ನದನ್ನೂ ಶನಿವಾರವೇ ಮುಚ್ಚಿ, ಚರ್ಚಿನ ಗೇಟಿನವರೆಗೆ ನಡೆದು ಕೊಟ್ಟು ಬಂದಳು. ನಾನು ರಸ್ತೆಯ ಈ ಬದಿಯಲ್ಲಿ ನಿಂತಿದ್ದೆ. ನಿಲ್ಲು ಎಂದು ಅವಳು ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

ಕೊನೆಯ ಸೋಮವಾರ ಅಜರ ಮತ್ತೆ ಬಂದ. ಸರ್ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಮೊದಲ ಏಳು ಹೊಂದಿದವು. ಎಂಟನೆಯದರಲ್ಲಿ ಬೆರಳು ನಿಂತಿತು. ಸೋನಾಲಿ ಮೇಜಿನ ಅಂಚು ಹಿಡಿದಳು. ಒಂಬತ್ತನೆಯದು ಹೊಂದಿತು.

"ಒಂದು ಕೂಡಿಲ್ಲ," ಎಂದರು ಸರ್.

ಎಂಟನೆಯ ಸಾಲಿನ ಮೇಲೆ ಮತ್ತೆ ಬೆರಳಿಟ್ಟರು.

"ಸೋನಾಲಿ, ಎಂಟನೇದಕ್ಕ ಯಾವ ಆಕಾರದಿಂದ ಶುರು ಮಾಡಿದಿ?"

"ಎರಡೂ ಮಾಡಿದೆ ಸರ್. ದುಂಡಗಿಂದೊಂದು, ಉದ್ದಂದೊಂದು. ಬೇರೆ ಬೇರೆ ಉತ್ತರ ಬಂತು. ಹೆಚ್ಚು ಬಿಗಿ ಯಾವುದದ ಅದನ್ನ ಬರದೇನಿ."

"ನೀ?"

"ದುಂಡಗಿಂದ್ರಿ. ಬರೇ ದುಂಡಗಿಂದು," ಎಂದ ಅಜರ. ಹೇಳುತ್ತಿರುವಾಗಲೇ ಹಣೆ ಬಡಿದುಕೊಂಡ.

ಸರ್ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಕಾರಣ ಸಿಕ್ತು. ಕದ್ದು ನೋಡಿದವರ ಹಾಳಿ ಹಿಂಗ ಇರಂಗಿಲ್ಲ," ಎಂದು ಡ್ರಾಯರ್ ಎಳೆದು ಕಾಲೇಜಿನ ಹೆಸರಿದ್ದ ಎರಡು ಕಾಗದ ತೆಗೆದರು. ಇಬ್ಬರಿಗೂ ಬರೆದರು, ಇಬ್ಬರದನ್ನೂ ಗಟ್ಟಿಯಾಗಿ ಓದಿ ಹೇಳಿದರು. ಸೋನಾಲಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ಮೇಲೆ ಕಣ್ಣೀರು ಬೀಳದಂತೆ ಮುಖ ಆಚೆ ಮಾಡಿದಳು.

ಲಕೋಟೆ ಒಡೆದಾಗಿತ್ತು, ಮಾತಾಡಬಾರದೆಂಬ ನಿಯಮ ಮುಗಿದಿತ್ತು. ಕಾಲೇಜಿನ ಗೇಟು ದಾಟಿದ್ದೇ ಅವರಿಬ್ಬರೂ ಶುರು ಮಾಡಿದರು. ಎಂಟು ವಾರ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ದುಂಡಗಿನದು ಸಾಕಾಗುತ್ತದೆ ಎಂದು ಅವನು, ಸಾಕಾಗುವುದಿಲ್ಲ ಎಂದು ಅವಳು. "ನಿಮ್ಮ ಪ್ರೋಗ್ರಾಮ್ ಆಮೆ ಇದ್ದಂಗ ಅದ," ಎಂದ ಅವನು. "ಆಮೆ ಆದ್ರೂ ದಾರಿ ತಪ್ಪಲಿಲ್ಲ," ಎಂದಳು ಅವಳು. ಬಸ್‌ಸ್ಟ್ಯಾಂಡಿನಲ್ಲಿ ಔರಾದದ ಬಸ್ಸು ಹೊರಡುವವರೆಗೂ ಅವನು ಕಿಟಕಿಯ ಕೆಳಗೆ ನಿಂತು ಗಾಳಿಯಲ್ಲಿ ಬೆರಳಿಂದ ಉದ್ದ ಆಕಾರ ಬರೆಯುತ್ತಿದ್ದ. ನನ್ನ ಕಡೆ ನೋಡಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ಮೂರು ಸಲ ಬಾಯಿ ತೆರೆದೆ.

ಮುಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಬಸ್ಸು ಊರು ದಾಟಿದ ಮೇಲೆ, ಸೋನಾಲಿ ಕಣ್ಣು ಮುಚ್ಚಿ ಕಿಟಕಿಗೆ ಒರಗಿದ್ದನ್ನು ಖಾತ್ರಿ ಮಾಡಿಕೊಂಡು, ನನ್ನ ಕಡೆ ಬಾಗಿದಳು.

"ಬಾಯಿ, ಆ ಪೋರಿ ನಿಮ್ಮಕಿನಾ?"

"ತಂಗಿ."

"ಆ ಪೋರ ಯಾರು?"

"ತಂಗಿ ಜೊತಿ ಲೆಕ್ಕ ಮಾಡ್ತಾನ್ರಿ. ಒಂದು ತಪ್ಪಿದ್ದ."

"ಲೆಕ್ಕ?"

"ಹೌದ್ರಿ. ಲೆಕ್ಕ."

ಅವಳು ಹೂಂ ಎಂದಳು, ನಿದ್ದೆ ಹೋಗಿದ್ದ ಸೋನಾಲಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ನನ್ನನ್ನು. ನಾನು ಹೇಳಿದ ಒಂದಕ್ಷರವನ್ನೂ ಅವಳು ನಂಬಲಿಲ್ಲ. ಅವಳ ಕಣ್ಣು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಾನು ಸರಿದು, ಅವಳಿಗೂ ಸೋನಾಲಿಗೂ ನಡುವೆ ಅಡ್ಡವಾಗಿ ಕೂತೆ.